ಬೀಗದ ಕೈ

ಚರ್ಚಿನ ಬಾಗಿಲಿಗೆ ಒಂದು ಚೀಟಿ:
‘ಬೀಗದ ಕೈ ನಾಲ್ಕನೇ ನಂಬರಿನ ಮನೆಯಲ್ಲಿ.’
ನಾಲ್ಕನೇ ನಂಬರೆಂದರೆ ನಾನು, ಎವರಿಲ್ ಥರ್ಲೋ,
ಎರಡು ಕೆಟ್ಟ ಮಂಡಿ, ಒಂದು ಬೆಕ್ಕು,
ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ
ಗೇಣುದ್ದದ ಕಬ್ಬಿಣ.

ಬರುತ್ತಾರೆ, ಏಪ್ರಿಲಿನಿಂದ ಅಕ್ಟೋಬರಿನ ತನಕ,
ಅದೂ ನಾನು ಊಟಕ್ಕೆ ಕೂತಾಗಲೇ.
ಸೈಕಲ್ ಚಡ್ಡಿಯವರು, ದುರ್ಬೀನಿನವರು,
ಕಿಟಕಿಯ ಕಮಾನು ನೋಡಿ ಶತಮಾನ ಹೇಳಿ
ಹೆಂಡತಿಯ ಮುಖ ನೋಡುವವರು.
ಲೀಡ್ಸಿನಾಕೆ ಒಬ್ಬಳು ಕೇಳಿದಳು,
ಗೋಪುರದ ಗಂಟೆಗಳಿಗೆಲ್ಲ ಹೆಸರಿದೆಯಂತೆ, ಹೌದೇ?
ಇದೆ. ಹತ್ತಲು ಏಣಿ ಇಲ್ಲ, ಎಂದೆ.
ಒಬ್ಬ ಹುಡುಗನಿಗೆ ಬೇಕಿದ್ದದ್ದು ಬರೀ ಶೌಚಾಲಯ.
ಎಂಟುನೂರು ವರ್ಷದಲ್ಲಿ ಅದೊಂದನ್ನು
ಯಾರೂ ಕಟ್ಟಿಸಲಿಲ್ಲ ಮಗು,
ಯೂ ಮರದ ಹಿಂದೆ ಹೋಗು, ಸತ್ತವರು ಬೈಯುವುದಿಲ್ಲ.

ನಾನೇನು ದೊಡ್ಡ ಭಕ್ತೆಯಲ್ಲ.
ಏಳು ಊರಿಗೆ ಒಬ್ಬರೇ ಪಾದ್ರಿಯಮ್ಮ,
ತಿಂಗಳಿಗೊಂದು ಭಾನುವಾರ ಕೆಸರು ಬೂಟಿನಲ್ಲೇ ಓಡಿ ಬರುತ್ತಾರೆ.
ಆರು ಜನ ನಾವು, ಕೋಟು ಬಿಚ್ಚದೆ,
ಇನ್ನೂರು ಜನಕ್ಕೆ ಹೊಲಿದ ಹಾಡನ್ನು ತೊಟ್ಟುಕೊಂಡು ನಿಲ್ಲುತ್ತೇವೆ,
ತೋಳೆಲ್ಲ ಸಡಿಲ.
ಉಳಿದ ದಿನ ನನ್ನ ಪೊರಕೆಯದೇ ಆರಾಧನೆ:
ಬಾವಲಿ ಹಿಕ್ಕೆ, ಸತ್ತ ನೊಣ,
ಮದುವೆಯಲ್ಲಿ ಎರಚಿದ ಬಣ್ಣದ ಕಾಗದದ ಚೂರು.
ಆ ಮದುವೆ ಮುರಿದು ನಾಲ್ಕು ವರ್ಷ,
ಚೂರು ಇನ್ನೂ ಬಿರುಕಿನಲ್ಲಿ ಗುಲಾಬಿ.
ಗೋಡೆ ಬದಿ ಮಲಗಿದ ಕಲ್ಲು ಸರದಾರನಿಗೆ ಮೂಗಿಲ್ಲ,
ಕಾಲಬಳಿಯ ನಾಯಿಗೆ ಕಿವಿಯಿಲ್ಲ,
ವಾರಕ್ಕೊಮ್ಮೆ ಇಬ್ಬರಿಗೂ ಮುಖ ಒರೆಸುತ್ತೇನೆ.
ನನ್ನ ರೋಲೆಂಡನ ಮುಖವನ್ನು
ಇಷ್ಟು ಸಲ ಮುಟ್ಟಿರಲಾರೆ.

ಹೋದ ಮಂಗಳವಾರ ಬಂದಾತ ಗ್ರಿಮ್ಸ್‌ಬಿಯವನು,
ಮೂವತ್ತು ವರ್ಷ ಮೀನು ಸೀಳಿದ ಕೈ,
ಹೆಸರು ಪಿಕರ್ಸ್‌ಗಿಲ್.
ಕಿಟಕಿ ನೋಡಲಿಲ್ಲ. ಸರದಾರನ್ನೂ ನೋಡಲಿಲ್ಲ.
ದೀಪ ಆರಿಸುತ್ತೀರಾ, ಎಂದ.
ಕರೆಂಟಿನ ಬಿಲ್ಲು ನೆನೆದು ಸಂತೋಷವಾಗಿಯೇ ಆರಿಸಿದೆ.
ಟಾರ್ಚನ್ನು ಕಂಬದ ಮಗ್ಗುಲಿಗೆ ಒತ್ತಿ
ಬೆಳಕನ್ನು ಅಡ್ಡಡ್ಡ ಹರಿಸಿದ.

ನುಣ್ಣಗಿದ್ದ ಕಲ್ಲಿಗೆ
ಜುಮ್ಮೆಂದು ರೋಮಾಂಚನ.
ಕೈವಾರದಿಂದ ಗೀರಿದ ಆರೆಸಳ ಹೂವು,
ಹಾಯಿ ಮೂರಿದ್ದು ನೀರೇ ಇಲ್ಲದ ಹಡಗು,
ಬಾತುಕೋಳಿಯೋ ಬಿಷಪ್ಪನೋ ತಿಳಿಯದ ಒಂದು,
ಮತ್ತೆ ಕೆಳಗೆ, ನನ್ನ ಮಂಡಿಯ ಎತ್ತರಕ್ಕೆ,
ಐದು ಬೆರಳಗಲಿಸಿ ಒತ್ತಿ ಹಿಡಿದು
ಸುತ್ತ ಗೆರೆ ಎಳೆದ ಪುಟ್ಟ ಕೈ.

ಯಾರದು?
ಪಿಡುಗಿನ ವರ್ಷದ್ದಿರಬಹುದು, ಎಂದ.
ಸ್ವಲ್ಪ ತಡೆದು,
ಉಪದೇಶ ಉದ್ದವಾಗಿ ಬೇಜಾರಾದ ಮಗುವೂ ಇರಬಹುದು.
ಕಲ್ಲು ಎರಡನ್ನೂ ಒಂದೇ ಥರ ಇಟ್ಟುಕೊಳ್ಳುತ್ತೆ.

ಮೂವತ್ತೊಂದು ವರ್ಷ,
ಶುಕ್ರವಾರ ಶುಕ್ರವಾರ
ಅದೇ ಜಾಗದ ಮೇಲೆ ಎಳೆದ ಬಟ್ಟೆ ನನ್ನದು.
ದೀಪದ ಬುಡ ಕತ್ತಲೆ ಅನ್ನುತ್ತಾರೆ.
ನನಗೆ ದೀಪ ಆರಿದ ಮೇಲೆಯೇ ಕಂಡದ್ದು.

ಆತ ಪುಸ್ತಕದಲ್ಲಿ ಸಹಿ ಹಾಕಿದ.
ಎಲ್ಲರೂ ಬರೆಯುವುದು ‘ಬಹಳ ಶಾಂತವಾಗಿದೆ.’
ಆತ ಬರೆದದ್ದು ‘ಎಡಗೈ.’
ಗೋಡೆಯ ಡಬ್ಬಿಗೆ ಎರಡು ಪೌಂಡು ಹಾಕಿ ಹೋದ.

ಸಂಜೆ ಬಾಯ್ಲರಿನ ಹತ್ತಿರದ ಟಾರ್ಚು ತಗೊಂಡು ಹೋದೆ.
ಮತ್ತೆ ಏಳುವುದು ಹೇಗೆಂದು ಯೋಚಿಸದೆ ಮಂಡಿಯೂರಿದೆ.
ನನ್ನ ಕೈ ಇಟ್ಟು ನೋಡಿದೆ,
ಮೂರು ಬೆರಳು ಹಿಡಿದವು, ಉಳಿದೆರಡು ಹೊರಗೆ.
ತಣ್ಣಗಿತ್ತು. ಅಷ್ಟೇ.
ಅದು ಯಾವ ಬೀಗದ ಕೈಯೋ ನನಗೆ ಗೊತ್ತಿಲ್ಲ,
ಏನೂ ತೆರೆಯಲಿಲ್ಲ,
ಮೇಲೆ ಒಂದು ಬಾವಲಿ ಮಗ್ಗುಲು ಬದಲಿಸಿತು.

ಬೆಂಚು ಹಿಡಿದು ಏಳಲು ಹತ್ತು ನಿಮಿಷ.
ಗೇಟಿನಲ್ಲಿ ಬೆಕ್ಕು ಬೈಯುತ್ತಿತ್ತು.

ಬಾಗಿಲಿನ ಚೀಟಿ ಈಗ ಹೊಸದು:
‘ಬೀಗದ ಕೈ ನಾಲ್ಕನೇ ನಂಬರಿನ ಮನೆಯಲ್ಲಿ.
ಒಂದು ಗಂಟೆಗೆ ಬರಬೇಡಿ, ಊಟ.
ಟಾರ್ಚು ತನ್ನಿ.’