ಸಣ್ಣಮ್ಮ

ನುಸಿಗುಳಿಗೆಯ ವಾಸನೆ, ಕೆಳಗಿನ ಖಾನೆ,
ನೂರ ಹದಿನೇಳನೆಯ ಹಾಳೆ.
ಒಂದೆಲಗ. ಕುಕ್ಕರಹಳ್ಳಿ ಕೆರೆ, ತೂಬಿನ ಬಳಿ.
ಬೇರು, ಬಳ್ಳಿ, ಹುಳು ತಿಂದ ತೂತು, ಎಲ್ಲ ಇದೆ.
ಕಿತ್ತವರ ಹೆಸರಿದ್ದಲ್ಲಿ ಮಾತ್ರ
ಕತ್ತರಿ ಹಾಕಿದ ಚೌಕ ಕಿಟಕಿ.

ಅದರೊಳಗಿಂದ ಇಣುಕುತ್ತೇನೆ:
ಇಸವಿ ನಲವತ್ತೊಂಬತ್ತು, ನನಗೆ ಒಂಬತ್ತು.
ಜವನ, ಕಾಲೇಜು ತೋಟದ ಮಾಲಿಯ ಮಗಳು,
ತಲೆ ಮೇಲೆ ತಗಡಿನ ಪೆಟ್ಟಿಗೆ.
ಮುಂದೆ ಚೀನಾದ ಮಿಸ್ ಷೆನ್,
ಕೆಸರಲ್ಲಿ ಮಂಡಿಯೂರಿ, ಮೂಗು ಎಲೆಗೆ ತಾಗಿಸಿ.

ಷೆನ್ ಅನ್ನಲು ಅಪ್ಪನ ನಾಲಿಗೆ ಹೊರಳಲಿಲ್ಲ.
ಸಣ್ಣಮ್ಮ ಅಂದ. ಆಳೂ ಸಣ್ಣ.
ಅವರು ಓಗೊಟ್ಟರು. ಅಲ್ಲಿಗೆ ಮುಗಿಯಿತು.

ಅವರಜ್ಜಿಯ ಪಾದ ನನ್ನ ಅಂಗೈಯಷ್ಟಂತೆ,
ಬಟ್ಟೆ ಬಿಗಿದು ಬಿಗಿದು ಬೆಳೆಯಗೊಡದೆ ಇಟ್ಟದ್ದು.
ಮೊಮ್ಮಗಳು ಅಣ್ಣನ ಬೂಟಿಗೆ ಚಿಂದಿ ತುರುಕಿ
ಬೆಟ್ಟ ಹತ್ತಿದಳು, ಹಾವಸೆ ಹುಡುಕಿಕೊಂಡು.
ಹೆಣ್ಣುಮಕ್ಕಳ ಶಾಲೆಗೆ ಹುಲ್ಲಿನ ಪಾಠ ತಂದಳು.
ಇದನ್ನೆಲ್ಲ ಹೇಳಿದ್ದು ತುಂಬೆ ಬಿಡಿಸುತ್ತಾ,
ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

"ನಿಮ್ಮೂರಲ್ಲೂ ಒಂದೆಲಗ ಐತಾ?"
ಇದೆ, ಹಿಮ ಕೂತ ಹುಲ್ಲು ಅನ್ನುತ್ತೇವೆ.
"ಹಿಮ ಅಂದ್ರೆ?"
ಸಂಜೆ ನಮ್ಮ ಹೊಸ್ತಿಲಿಗೆ ಬಂದು
ಅವ್ವನ ರಂಗೋಲಿ ಬಟ್ಟಲಿಂದ ಒಂದು ಚಿಟಿಕೆ
ಎಲೆಯ ಮೇಲೆ ಉದುರಿಸಿದರು:
ಹೀಗೆ. ಆದರೆ ರಾತ್ರಿಯೆಲ್ಲ, ಸದ್ದಿಲ್ಲದೆ.
ಚಟ್ನಿಯ ಸೊಪ್ಪು ಹಾಳಾಯಿತೆಂದು ಅವ್ವ ಗೊಣಗಿದಳು.

ಅರವತ್ತೆರಡು. ಜೀಪಿನಲ್ಲಿ ಇಬ್ಬರು.
ಪ್ರಿನ್ಸಿಪಾಲರು ಬೆವರುತ್ತಾ ತಾವೇ ಕತ್ತರಿ ಹಿಡಿದರು.
ನಾನೂರು ಹಾಳೆ, ನಾನೂರು ಕಿಟಕಿ.
ಅಪ್ಪನನ್ನೂ ಕರೆಸಿದರು. ಷೆನ್ ಅನ್ನೋಳು ಯಾರು?
"ಕಾಣೆ ಸ್ವಾಮಿ. ನಮ್ಮಲ್ಲಿದ್ದೋರು ಸಣ್ಣಮ್ಮ.
ನನ್ ಮಗಳಿಗೆ ಹುಲ್ಲು ನೋಡೋದು ಕಲಿಸಿದ್ರು."
ಬರೆದುಕೊಂಡರು: ಸಣ್ಣಮ್ಮ, ಊರು ಗೊತ್ತಿಲ್ಲ.

ಆಮೇಲೆ ನಾನು ಮಂಡ್ಯದ ಹೈಸ್ಕೂಲಿನಲ್ಲಿ ಟೀಚರಾದೆ.
ನಾಲೆಯ ಏರಿಯ ಮೇಲೆ ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ:
ಮೊದಲು ಮಂಡಿಯೂರು, ಹೆಸರು ಆಮೇಲೆ.
ಲಂಗ ಕೆಸರಾಗಿ ಮನೆಯಲ್ಲಿ ಬೈಸಿಕೊಂಡವರು ಎಷ್ಟೋ.

ಎಂಬತ್ತೊಂದರಲ್ಲಿ ಒಂದು ಕಾಗದ, ಅವರ ಶಿಷ್ಯೆಯದು,
ಕಾಲೇಜು ಸುತ್ತಿ, ಮೂರು ವಿಳಾಸ ಹೊಡೆಸಿಕೊಂಡು ಬಂದದ್ದು.
ಗುರುಗಳು ಹೋದರು.
ನೋಟ್‌ಬುಕ್ಕಿನ ಅಂಚಿನಲ್ಲಿ ಅಲ್ಲಲ್ಲಿ ಇದೊಂದು ಗುರುತು,
ನಮಗೆ ಓದಲು ಬಾರದು, ಚಿತ್ರದಂತೆ ಇಳಿಸಿ ಕಳಿಸಿದ್ದೇವೆ.
ಯಾವ ಗಿಡದ ಹೆಸರು?

ಮೂರು ಅಕ್ಷರ. ವಕ್ರವಾಗಿ, ತಲೆಕಟ್ಟು ಹಾರಿಹೋಗಿ:
ಜವನ.

ಉತ್ತರ ಬರೆದೆ.
ಹೂವಿನ ಜೊತೆ ಮಾಲೆಗೆ ಕಟ್ಟುವ ಸೊಪ್ಪು.
ಒಣಗಿದ ಮೇಲೂ ವಾಸನೆ ಬಿಡುವುದಿಲ್ಲ.
ಅದಕ್ಕಿಂತ ಹೆಚ್ಚಿಗೆ
ಏನೂ ಬರೆಯಲಿಲ್ಲ.