ಹಾಲುಗಾಳು

ಕಾರಟಗಿ. ರಾತ್ರಿ ಒಂದೂವರೆ. ಮಿಲ್ಲಿನಲ್ಲಿ ನನ್ನ ಪಾಳಿ.
ವೇಬ್ರಿಡ್ಜಿನ ಮೇಲೆ ಲಾರಿ ಇಲ್ಲ, ನಾಯಿ ಮಲಗಿದೆ;
ಪರದೆ ತೋರಿಸುತ್ತಿದೆ: ಇಪ್ಪತ್ತು ಕೆಜಿ.

ಹಳೇ ಲ್ಯಾಪ್‌ಟಾಪಿನಲ್ಲಿ ಹೊಸ ಕರ್ನಲ್ ಬೇಯುತ್ತಿದೆ,
ಇನ್ನೂ ಬಿಡುಗಡೆಯಾಗದ್ದು, ಹಾಲುಗಾಳು,
ಚಿವುಟಿದರೆ ಬೆರಳಿಗೆ ಬಿಳಿ ಅಂಟುವಂಥದ್ದು.

ಚೀಲ ಹೊಲಿದು ಹೆಸರು ಬರೆಯುವ ಮುನ್ನ
ಸುಮ್ಮನೆ ಹುಡುಕಿದೆ. ಮೊದಲೇ ಹುಡುಕಬೇಕಿತ್ತು.
ಮಾನ್ವಿಯ ಶೇಕ್ಷಾವಲಿ
ಮೂರು ದಿನದ ಹಿಂದೆಯೇ ಕಟ್ಟಿಟ್ಟಿದ್ದಾನೆ:
ಅದೇ ಕಾಳು, ಅದೇ ತೂಕ,
ಹೊಲಿಗೆ ನನಗಿಂತ ನೇರ.

ಹೊಟ್ಟೆಯಲ್ಲಿ ಸಣ್ಣ ಕಿಚ್ಚು. ಸುಳ್ಳೇಕೆ ಹೇಳಲಿ,
ಹೆಸರಿನ ತುದಿಗೊಂದು ಬಾಲ ಅಂಟಿಸಿ
ನನ್ನದೂ ಒಂದಿರಲಿ ಎಂದುಕೊಂಡೆ.

ಆಗ ನೆನಪಾದ ಹಮಾಲಿ ಎರ್ರೆಪ್ಪ.
ಒಂದೇ ಗುರುತಿನ ಎರಡು ನಿಟ್ಟು ಚೀಲ ನೋಡಿ
"ಯಾವ್ದನ್ನ ಎತ್ಲಿ ಸಾವ್ಕಾರ್ರ?" ಅಂತ
ಬಿಸಿಲಲ್ಲಿ ಅರ್ಧ ಗಂಟೆ ನಿಂತಿದ್ದ,
ಹೆಗಲ ಮೇಲೆ ಬರೀ ಗೋಣಿ.

ನನ್ನದನ್ನು ಅಳಿಸಿದೆ.
ನಿದ್ದೆಯಿಂದೆದ್ದರೆ ವೈಫೈ ಸಾಯುವ ರೋಗಕ್ಕೆ
ನಾನು ಕಂಡುಕೊಂಡ ಮೂರು ಸಾಲಿನ ಮದ್ದನ್ನು
ಶೇಕ್ಷಾವಲಿಗೆ ಕಳಿಸಿದೆ:
ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ.

ಉತ್ತರ ಬಂದಿಲ್ಲ.
ನಾಯಿ ಎದ್ದು ಹೋಯಿತು.
ಪರದೆ ಮಾತ್ರ ಸೊನ್ನೆಗಿಳಿಯದೆ
ಇನ್ನೂ ಹತ್ತು ಕೆಜಿ ಹಿಡಿದುಕೊಂಡಿದೆ.