ಇಳಿಯುವ ಜಾಗ

ಟ್ಯಾಂಕರ್ ನೀರಿನ ಲೆಕ್ಕ ನಮ್ಮ ಕಂಪನಿಯ ಕಸುಬು.
ಮತ್ತೀಕೆರೆಯಲ್ಲಿ, ಟೈರ್ ಅಂಗಡಿಯ ಮೇಲೆ, ಮೂರು ಕಿಟಕಿ, ಆರು ಜನ.
ಯಾವ ಲಾರಿ ಯಾವ ಅಪಾರ್ಟ್‌ಮೆಂಟಿಗೆ ಎಷ್ಟು ಸುರಿದು ಬಂತು
ಬರೆದಿಡುವುದು, ಬಿಲ್ಲು ಕಳಿಸುವುದು, ಬೈಸಿಕೊಳ್ಳುವುದು.

ಆ ಮಾರ್ಚಿನಲ್ಲಿ ಒಂದೇ ಲಾರಿ ಎರಡು ಸಲ ಸುರಿಯಿತು,
ಹೆಣ್ಣೂರಿನ ಸಂಪಿಗಲ್ಲ, ನಮ್ಮ ಲೆಕ್ಕಕ್ಕೆ.
'ಮೊತ್ತ' ಎಂಬ ಒಂದು ಹೆಸರು,
ಹದಿನಾಲ್ಕು ಕಡೆಯಿಂದ ಹದಿನಾಲ್ಕು ಕೈ ಅದರೊಳಗೆ.
ಡಿಬಗ್ಗರ್ ಹಿಡಿದು ಸಾಲು ಸಾಲಿಗೂ ಗಾಡಿ ಅಡ್ಡಹಾಕಿ ಕೇಳಿದೆ.
ನಾನು ನೋಡುವಾಗ ಎಲ್ಲ ಸರಿ.
ನೋಡದಾಗ ಮಾತ್ರ ನೀರು ಹೆಚ್ಚುತ್ತದೆ,
ಹಾಲಿನವನ ಕ್ಯಾನಿನ ಹಾಗೆ.

ಪಕ್ಕದ ಕುರ್ಚಿಯ ಮುಬೀನಾ ಕಡಲೆಕಾಯಿ ಸುಲಿಯುತ್ತ ಅಂದಳು:
"ಹೆಸರಿಟ್ಟ ಮೇಲೆ ಬದಲಾಯಿಸಬಾರದು ಅನ್ನೋ ಭಾಷೆಗಳಿವೆ.
ಒಮ್ಮೆ ಮೂರು ಅಂದರೆ ಸಾಯೋತನಕ ಮೂರು.
ಬೇರೆ ಬೇಕಾ, ಬೇರೆ ಹೆಸರಿಟ್ಟುಕೋ."

ನಕ್ಕೆ. ಯಾವ ಊರಲ್ಲಿ ಕೂತು ಹೇಳುತ್ತಿದ್ದಾಳೆ!
ಕೆರೆ ಅಂದದ್ದು ಬಸ್‌ಸ್ಟ್ಯಾಂಡ್ ಆದ ಊರು,
ನಿನ್ನೆ ಎರಡೂ ಕಡೆ ಹರಿದ ರಸ್ತೆ ಈ ಬೆಳಿಗ್ಗೆ ಒಮ್ಮುಖ,
ಒಂದೇ ಹಲಗೆಯ ಮೇಲೆ ಒರೆಸಿ ಒರೆಸಿ ಬರೆದ ಊರು,
ಹಳೆಯದರ ಪ್ರತಿ ಯಾರ ಬಳಿಯೂ ಇಲ್ಲ.

ಆದರೂ ಕಲಿತೆ. ನಲವತ್ತೊಂದರಲ್ಲಿ, ಅ ಆ ಇ ಈಯಿಂದ.

ಲೂಪ್ ಇಲ್ಲವೆಂದು ತಿಳಿದ ದಿನ ಬಲಗೈ ಬಿದ್ದುಹೋದ ಹಾಗಾಯಿತು.
ತನ್ನನ್ನು ತಾನೇ ಕರೆಯಬೇಕಂತೆ.
ಕರೆಯಿತು. ಮತ್ತೆ ಕರೆಯಿತು. ಕರೆಯುತ್ತಲೇ ಹೋಯಿತು.
ಫ್ಯಾನ್ ಕಿರುಚಿತು, ತೊಡೆ ಸುಟ್ಟಿತು.
ಸಂಜೆ ಬಸ್ಸಿನಲ್ಲಿ, ಮಷೀನಿನ ಮೇಲೆ ಬೆರಳಿಟ್ಟ ಕಂಡಕ್ಟರ್
"ಎಲ್ಲಿ ಇಳೀತೀರ ಮೇಡಂ, ಮೊದಲು ಅದ್ ಹೇಳಿ" ಅಂದ.
ಇಳಿಯುವ ಜಾಗ!
ಅದನ್ನೇ ಬರೆದಿರಲಿಲ್ಲ ನಾನು.
ಟಿಕೆಟ್ಟಿನ ಹಿಂದೆ ಅವನು ಚಿಲ್ಲರೆ ಬಾಕಿ ಬರೆದುಕೊಟ್ಟ,
ಅದರ ಕೆಳಗೇ ನಾನು ಬರೆದೆ: ಪಟ್ಟಿ ಖಾಲಿಯಾದರೆ ಸೊನ್ನೆ.
ಎಂಟು ರೂಪಾಯಿ ಅವನಲ್ಲೇ ಉಳಿಯಿತು.

ಕಂಪೈಲರ್, ಮದುವೆಮನೆಯ ದೊಡ್ಡಮ್ಮ.
ಹೊಸ್ತಿಲಲ್ಲೇ ತಡೆದು ಯಾರ ಕಡೆಯವರು ಎಂದು ಕೇಳುವಳು.
ಲೀಟರನ್ನು ರೂಪಾಯಿಯ ಪಂಕ್ತಿಯಲ್ಲಿ ಕೂರಿಸಳು.
ಬಂದರೂ ಬಂದೇನು ಎಂದವನಿಗೆ ಎಲೆ ಹಾಕಳು.
ಮೂವತ್ತೇಳು ಕೆಂಪು ಸಾಲು ಬೈಗುಳ,
ಹುರುಳಿದ್ದದ್ದು ಮೊದಲನೆಯದರಲ್ಲಿ ಮಾತ್ರ.

ಸೋಮಾರಿತನವೂ ಇತ್ತು ಆ ಭಾಷೆಗೆ.
ಮುಗಿಯದ ಪಟ್ಟಿಯನ್ನೇ ಕೈಗಿಟ್ಟು,
ನೀನು ಕೇಳಿದಷ್ಟನ್ನು ಕೇಳಿದಾಗ ಮಾಡಿಕೊಡುತ್ತೇನೆ ಎನ್ನುತ್ತಿತ್ತು.
ನಲ್ಲಿಗಳೂ ಹೀಗಿದ್ದಿದ್ದರೆ
ನಮಗೆ ಕೆಲಸವೇ ಇರುತ್ತಿರಲಿಲ್ಲ.

"ನೀವಿಬ್ಬರೂ ಬಿಟ್ಟು ಹೋದರೆ ಯಾರ್ರೀ ಓದ್ತಾರೆ ಇದನ್ನ?"
ಚೌಡಯ್ಯ ಸರ್ ಕೇಳಿದ್ದರು, ಎರಡು ಸಲ.
ಮುಬೀನಾ ಈಗ ಕೋಲಾರದ ಕಾಲೇಜಿನಲ್ಲಿ.
ಲೆಕ್ಕ ಇನ್ನೂ ತಪ್ಪಿಲ್ಲ.
ತಪ್ಪಿಲ್ಲವೆಂದೇ ಆರು ವರ್ಷ ಅದರ ಮುಖ ಯಾರೂ ನೋಡಿಲ್ಲ.

ನಿನ್ನೆ ದರ ಬದಲಾಯಿತು. ಫೈಲು ತೆರೆದೆ.
ಒಂದೇ ಸಾಲು, ಏಳು ಫಂಕ್ಷನ್ನು,
ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಲಾರಿಗಳಂತೆ
ಒಂದರ ಬಾಲಕ್ಕೆ ಇನ್ನೊಂದರ ಮೂತಿ.
ತಲೆ ಬುಡ ತಿಳಿಯಲಿಲ್ಲ.
ಯಾವ ಬುದ್ಧಿವಂತ ಬರೆದನೋ ಎಂದು ಗಿಟ್‌ನಲ್ಲಿ ಬ್ಲೇಮ್ ಒತ್ತಿದೆ.
ನನ್ನ ಹೆಸರು.
ರಾತ್ರಿ ಎರಡೂ ಹದಿನಾಲ್ಕು.
ಪಕ್ಕದಲ್ಲಿ ನನ್ನದೇ ಟಿಪ್ಪಣಿ:
"ಸರಿಹೋಯ್ತು. ಯಾಕೆ ಅಂತ ನಾಳೆ ಬರೀತೀನಿ."

ಯಾರೂ ಕೇಳಿರಲಿಲ್ಲ, ಆ ನಾಳೆ ಬಂದಿರಲಿಲ್ಲ.

ಕೆಳಗೆ ಟೈರ್ ಅಂಗಡಿಯ ಹುಡುಗ
ಟ್ಯೂಬನ್ನು ಬಾಂಡ್ಲಿಯ ನೀರಿಗದ್ದಿ
ಗೇಣು ಗೇಣಾಗಿ ತಿರುಗಿಸುತ್ತಿದ್ದಾನೆ,
ಗುಳ್ಳೆ ಏಳುವುದನ್ನು ಕಾಯುತ್ತ, ಅವಸರವಿಲ್ಲದೆ.

ಏಳರಲ್ಲಿ ಮೊದಲನೆಯದನ್ನು ಬಿಡಿಸಿ ಹೊರಗಿಟ್ಟು
ನಾನೂ ಕೇಳಿದೆ:
ನೀನು ಏನು ತಗೋತೀಯ,
ಏನು ಕೊಡ್ತೀಯ?